ಮದುವೆಯ ಉಡುಗೊರೆಗೆ ಮರದ ಪಾನಪಾತ್ರೆ ಕಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೇಲೆ ಬಟ್ಟಲು, ನಡುವೆ ಸಪೂರ ದಂಟು, ಕೆಳಗೆ ಅಗಲವಾದ ಪಾದ. ಇಷ್ಟನ್ನೂ ಒಂದೇ ಮರದ ತುಂಡಿನಿಂದ ಲೇತ್ (ಮರವನ್ನು ತಿರುಗಿಸುವ ಕಡೆತದ ಯಂತ್ರ) ಮೇಲೆ ಕಡೆಯುವವರಿಗಾಗಿ ಈ ಪುಟ. ಚಕ್ (ಮರವನ್ನು ದವಡೆಗಳಿಂದ ಕಚ್ಚಿ ಹಿಡಿಯುವ ಲೇತಿನ ಭಾಗ) ಹಿಡಿದು ಉಳಿ ಆಡಿಸಲು ಬರುತ್ತದೆ, ಪಾನಪಾತ್ರೆ ಮಾತ್ರ ಇದೇ ಮೊದಲು ಎಂಬವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಳತೆಗಳೆಲ್ಲ ಸುಮಾರು 180 ಮಿ.ಮೀ. ಎತ್ತರದ ಪಾತ್ರೆಗೆ ಹೊಂದುವಂಥವು.

ಎಷ್ಟು ದೊಡ್ಡ ತುಂಡು ಬೇಕು?

75 × 75 ಮಿ.ಮೀ. ಚೌಕದ, 230 ಮಿ.ಮೀ. ಉದ್ದದ ತುಂಡು ಸಾಕು. ಲೆಕ್ಕ ಹೀಗೆ: ಬಟ್ಟಲಿಗೆ 80, ದಂಟಿಗೆ 85, ಪಾದಕ್ಕೆ 15. ಉಳಿದ 50ರಲ್ಲಿ ಚಕ್ ಹಿಡಿಯುವ ಗೂಟಕ್ಕೆ 10 ಮಿ.ಮೀ., ಬಾಯಿಯ ಕಡೆ ಸಮ ಮಾಡಲು ಒಂದಿಷ್ಟು. ಪಾದಕ್ಕೂ ಚಕ್‌ಗೂ ನಡುವೆ 25 ಮಿ.ಮೀ.ಯಾದರೂ ಖಾಲಿ ಮರ ಉಳಿಯಬೇಕು. ಮರ ಉಳಿಸಲು ಹೋಗಿ ಈ ಜಾಗವನ್ನು ಕಡಿಮೆ ಮಾಡಿದರೆ ಕೊನೆಯಲ್ಲಿ ಪಾದದ ಹಿಂಬದಿಗೆ ಉಳಿಯೇ ಹೋಗದು, ಚಕ್‌ನ ದವಡೆಗೆ ಬೆರಳು ತಾಗುವ ಭಯ ಬೇರೆ.

ಬಟ್ಟಲಿನ ಹೊರವ್ಯಾಸ 65 ಮಿ.ಮೀ. ಆದರೆ ಪಾದ 55ರಿಂದ 60 ಇರಲಿ. ಪಾದ ಇದಕ್ಕಿಂತ ಚಿಕ್ಕದಾದರೆ ನೋಡಲು ಚೆಂದ, ತುಂಬಿಸಿದ ಮೇಲೆ ತೋಳು ತಾಗಿದರೂ ಉರುಳುತ್ತದೆ. ಈ ಅಳತೆಯ ದುಂಡುತಳದ ಬಟ್ಟಲಿನಲ್ಲಿ 110ರಿಂದ 120 ಮಿ.ಲೀ. ಹಿಡಿಯುತ್ತದೆ.

ಯಾವ ಮರ ಒಳ್ಳೆಯದು?

ಎಳೆ ಒತ್ತಾಗಿ, ರಂಧ್ರ ಸಣ್ಣದಾಗಿರುವ ಮರ. ಮೇಪಲ್, ಚೆರ್ರಿ, ಪೇರು, ಬೀಚ್, ಆಲಿವ್ ಇವೆಲ್ಲ ಸಲೀಸಾಗಿ ಕಡೆಯಲು ಬರುತ್ತವೆ. ಬಿಳುಪಾದ ಹಾಲೆ ಮರವೂ ಉಳಿಗೆ ಬಹಳ ಸೌಮ್ಯ. ವಾಲ್‌ನಟ್‌ನ ಬಣ್ಣ ಸೊಗಸು, ಆದರೆ ಅದರ ರಂಧ್ರಗಳು ಸ್ವಲ್ಪ ದೊಡ್ಡವು, ಒಳಮೈಗೆ ಲೇಪ ಹೆಚ್ಚು ಬೇಕು.

ಕೆಂಪು ಓಕ್‌ನಂಥ ತೆರೆದ ರಂಧ್ರದ ಮರ ಬೇಡವೇ ಬೇಡ. ಅದರ ಸಣ್ಣ ತುಂಡಿನ ಒಂದು ತುದಿಯಿಂದ ಊದಿದರೆ ಇನ್ನೊಂದು ತುದಿಯಿಂದ ಗಾಳಿ ಹೊರಬರುತ್ತದೆ. ಬಟ್ಟಲಿನ ತಳದಲ್ಲಿ ಇರುವುದು ಇಂಥ ಕೊಳವೆಗಳ ಬಾಯಿಗಳೇ, ಆದ್ದರಿಂದ ಸುರಿದದ್ದು ದಂಟಿನೊಳಗೆ ಇಳಿಯುತ್ತದೆ. ಬಿಳಿ ಓಕ್‌ನ ಚೇಗಿನಲ್ಲಿ ಈ ಕೊಳವೆಗಳು ಸಹಜವಾಗಿಯೇ ಮುಚ್ಚಿಕೊಂಡಿರುತ್ತವೆ, ಪೀಪಾಯಿಗಳಿಗೆ ಅದನ್ನು ಬಳಸುವುದಕ್ಕೆ ಅದೂ ಒಂದು ಕಾರಣ.

ಕಣಗಿಲೆ, ಯೂ ಇವು ವಿಷದ ಮರಗಳು, ಬಾಯಿಗಿಡುವ ವಸ್ತುವಿಗೆ ಸಲ್ಲವು. ಯಾವ ಮರವೆಂದು ಗುರುತು ಸಿಗದ ತುಂಡನ್ನು, ಎಷ್ಟೇ ಚೆನ್ನಾಗಿದ್ದರೂ, ಹೂದಾನಿಗೆ ಇಟ್ಟುಕೊಳ್ಳಿ.

ಮರದ ಎಳೆ ಯಾವ ದಿಕ್ಕಿಗಿರಬೇಕು?

ಬಾಯಿಯಿಂದ ಪಾದಕ್ಕೆ, ಲೇತಿನ ಅಕ್ಷಕ್ಕೆ ಸಮಾನಾಂತರವಾಗಿ. ಅಡ್ಡ ಎಳೆಯ ತುಂಡಿನಲ್ಲಿ ದಂಟು ತೆಳುವಾಗುತ್ತಿದ್ದಂತೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ದಂಟು ಬರುವ ಭಾಗದಲ್ಲಿ ಗಂಟು ಇರಬಾರದು, ಎಳೆ ಓರೆಯಾಗಿ ಪಕ್ಕಕ್ಕೆ ಹಾಯಬಾರದು. ತುಂಡಿನ ನಾಲ್ಕೂ ಮುಖ ನೋಡಿ. ಎರಡು ಮುಖಗಳಲ್ಲಿ ಎಳೆ ನೇರವಿದ್ದು ಮೂರನೆಯದರಲ್ಲಿ ಓಡಿಹೋಗುವುದು ಸಾಮಾನ್ಯ. ಕಾಂಡದ ನಟ್ಟನಡುವಿನ ತಿರುಳು ತುಂಡಿನೊಳಗೆ ಎಲ್ಲಿದ್ದರೂ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಹಸಿ ಮರದಲ್ಲಿ ಕಡೆಯಬಹುದೇ?

ಕಡೆಯಬಹುದು, ಉಳಿಗೆ ಅದು ಬೆಣ್ಣೆ. ಆದರೆ ಒಂದೇ ಕೂರಿನಲ್ಲಿ ಮುಗಿಸಬೇಕು, ಗೋಡೆಯನ್ನು 2-3 ಮಿ.ಮೀ.ಗೆ ಸಮನಾಗಿ ಇಳಿಸಬೇಕು. ಮರ ಒಣಗುವಾಗ ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವಷ್ಟು ಉಂಗುರಕ್ಕೆ ಅಡ್ಡವಾಗಿ ಕುಗ್ಗುವುದಿಲ್ಲ, ಹೆಚ್ಚುಕಡಿಮೆ ಎರಡಕ್ಕೆ ಒಂದರಷ್ಟು ವ್ಯತ್ಯಾಸ. ಹಾಗಾಗಿ ದುಂಡನೆಯ ಬಾಯಿ ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗೋಡೆ ತೆಳುವಾಗಿದ್ದರೆ ಬಾಗಿ ಸುಮ್ಮನಾಗುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಿದ್ದರೆ ಸೀಳುತ್ತದೆ. ಜೋಡಿ ಪಾತ್ರೆ ಕೊಡುವುದಾದರೆ ತೇವಾಂಶ 8ರಿಂದ 12 ಶೇಕಡಾಕ್ಕೆ ಇಳಿದ ಒಣಮರವನ್ನೇ ಹಿಡಿಯಿರಿ. ಎರಡು ಪಾತ್ರೆ ಎರಡು ರೀತಿಯಲ್ಲಿ ಬಾಗಿದರೆ ಅದನ್ನು ಜೋಡಿ ಎನ್ನಲು ಧೈರ್ಯ ಬೇಕು.

ಚಿಕ್ಕ ಲೇತ್ ಇದೆ. ಆಗುತ್ತದೆಯೇ?

ವ್ಯಾಸಕ್ಕೆ ತೊಂದರೆಯಿಲ್ಲ, ಉದ್ದ ನೋಡಿಕೊಳ್ಳಿ. ಚಕ್‌ಗೆ 70 ಮಿ.ಮೀ., ಚಕ್‌ನೊಳಗೆ ಹೋಗುವ ಗೂಟದ 10 ಬಿಟ್ಟು ಮರಕ್ಕೆ 220, ಟೇಲ್‌ಸ್ಟಾಕ್‌ನ (ಲೇತಿನ ಇನ್ನೊಂದು ತುದಿಯಲ್ಲಿ ಸರಿಯುವ ಆಸರೆ) ಡ್ರಿಲ್ ಚಕ್‌ಗೆ 90, ಬಿಟ್‌ಗೆ 100: ಒಟ್ಟು 480 ಆಯಿತು. ಎರಡು ತುದಿಗಳ ನಡುವೆ 400 ಮಿ.ಮೀ. ಮಾತ್ರ ಇರುವ ಲೇತಿನಲ್ಲಿ ಟೇಲ್‌ಸ್ಟಾಕ್‌ನಿಂದ ರಂಧ್ರ ಕೊರೆಯಲು ಜಾಗ ಸಾಲದು. ಆಗ ಡ್ರಿಲ್ ಬಿಟ್‌ಗೆ ಮರದ ಹಿಡಿ ಹಾಕಿ, ಲೇತನ್ನು 400-500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು) ತಿರುಗಿಸಿ, ಉಳಿಯನ್ನು ಊರುವ ಟೂಲ್ ರೆಸ್ಟ್ ಆಸರೆಯಲ್ಲಿ ಕೈಯಿಂದಲೇ ಕೊರೆಯಬಹುದು. ಮೊದಲು ಉಳಿಯ ತುದಿಯಿಂದ ನಟ್ಟನಡುವೆ ಒಂದು ಸಣ್ಣ ಕುಳಿ ಮಾಡಿಕೊಂಡರೆ ಬಿಟ್ ದಾರಿ ತಪ್ಪದು.

ಯಾವ ಉಳಿಗಳು ಬೇಕೇಬೇಕು?

ಚೌಕವನ್ನು ದುಂಡಾಗಿಸಲು ರಫಿಂಗ್ ಗೌಜ್ (ಗೌಜ್ ಎಂದರೆ ಕೊಳವೆಯಂತೆ ತೋಡಿದ ಅಲಗಿನ ಉಳಿ), ಉಳಿದ ಬಹುಪಾಲು ಕೆಲಸಕ್ಕೆ 10 ಮಿ.ಮೀ. ಸ್ಪಿಂಡಲ್ ಗೌಜ್, ಕತ್ತರಿಸಿ ಬೇರ್ಪಡಿಸಲು 3 ಮಿ.ಮೀ. ಪಾರ್ಟಿಂಗ್ ಉಳಿ, ಒಳಮೈ ಹೆರೆಯಲು ದುಂಡುಮೂತಿಯ ದಪ್ಪ ಸ್ಕ್ರೇಪರ್. ಸ್ಕ್ರೇಪರ್ 8-10 ಮಿ.ಮೀ. ದಪ್ಪವಿರಲಿ. ತೆಳುವಾದದ್ದು ಆಳದಲ್ಲಿ ಗಡಗಡ ನಡುಗಿ ಒಳಮೈಯಲ್ಲಿ ಗೀರು ಸಾಲುಗಳನ್ನು ಬಿಡುತ್ತದೆ. ಓರೆ ಅಲಗಿನ ಸ್ಕ್ಯೂ ಉಳಿ ಪಳಗಿದ್ದರೆ ದಂಟಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಪಳಗದಿದ್ದರೆ ಉಡುಗೊರೆಯ ಮೇಲೆ ಕಲಿಯಲು ಹೋಗಬೇಡಿ.

ಯಾವುದು ಮೊದಲು, ಯಾವುದು ಆಮೇಲೆ?

ಪಾನಪಾತ್ರೆಯ ವಿಷಯದಲ್ಲಿ ನೆನಪಿಡಬೇಕಾದದ್ದು ಒಂದೇ ಆದರೆ ಅದು ಇದೇ. ಕೆಲಸ ಬಾಯಿಯಿಂದ ಚಕ್‌ನ ಕಡೆಗೆ ಸಾಗಬೇಕು, ಮುಗಿಸಿದ ಭಾಗಕ್ಕೆ ಮತ್ತೆ ಉಳಿ ಒಡ್ಡಬಾರದು. ಚಕ್ ಹಿಡಿದಿರುವುದು ಪಾದದ ತುದಿಯನ್ನು. ದಂಟು ಸಪೂರವಾದ ಮೇಲೆ ಬಟ್ಟಲು ಎಂದರೆ ಕಡ್ಡಿಯ ತುದಿಯ ಲಾಡು, ಅದರ ಮೇಲೆ ಉಳಿ ಇಟ್ಟರೆ ಆಗುವುದು ಆಗಿಯೇ ಆಗುತ್ತದೆ.

ತುಂಡನ್ನು ಎರಡು ತುದಿಗಳ ನಡುವೆ ಹಿಡಿದು 800 ಆರ್‌ಪಿಎಂ ಆಸುಪಾಸಿನಲ್ಲಿ ದುಂಡಾಗಿಸಿ, ಒಂದು ತುದಿಯಲ್ಲಿ ನಿಮ್ಮ ಚಕ್‌ನ ದವಡೆಗೆ ತಕ್ಕ ಗೂಟ ಮಾಡಿ. ಗೂಟದ ತುದಿ ಚಕ್‌ನ ತಳಕ್ಕೆ ತಾಗಕೂಡದು. ಮರದ ಭುಜ ದವಡೆಯ ಮುಖಕ್ಕೆ ಒತ್ತಿ ಕೂರಬೇಕು, ಹಿಡಿತ ಬರುವುದು ಆ ಭುಜದಿಂದ. ಚಕ್‌ಗೆ ಸೇರಿಸಿದ ಮೇಲೆ ಮತ್ತೊಮ್ಮೆ ದುಂಡಾಗಿಸಿ, ಬಾಯಿಯ ತುದಿಯನ್ನು ಸಮ ಮಾಡಿ, ಬಟ್ಟಲಿನ ಹೊರ ಆಕಾರವನ್ನು ಅಂದಾಜಿಗೆ ತಂದುಕೊಳ್ಳಿ. ಆದರೆ ಬಟ್ಟಲಿನ ತಳದ ಹಿಂದೆ 40 ಮಿ.ಮೀ.ಗಿಂತ ಸಪೂರ ಮಾಡಬೇಡಿ. ನಂತರ 10 ಮಿ.ಮೀ. ಬಿಟ್‌ನಿಂದ ನಡುವೆ 62 ಮಿ.ಮೀ. ಆಳದ ರಂಧ್ರ. ಬಿಟ್‌ನ ಚೂಪು ತುದಿಯನ್ನೂ ಸೇರಿಸಿ ಅಳೆದು ಟೇಪ್ ಸುತ್ತಿ ಗುರುತು ಮಾಡಿ. ಇಲ್ಲವಾದರೆ ಬಟ್ಟಲಿನ ತಳದಲ್ಲಿ ಒಂದು ಚುಕ್ಕೆ ಉಳಿದು, ಅದನ್ನು ತೆಗೆಯಲು ಹೋದಷ್ಟೂ ತಳ ತೆಳುವಾಗುತ್ತದೆ.

ಆಮೇಲೆ ಒಳಗೆ ತೋಡಿ, ಒಳಮೈಯನ್ನು ಸ್ಯಾಂಡ್‌ಪೇಪರ್ ಸಮೇತ ಪೂರ್ತಿ ಮುಗಿಸಿ. ಅದಾದ ಮೇಲೆ ಬಟ್ಟಲಿನ ಹೊರಮೈ, ಅದನ್ನೂ ಪೂರ್ತಿ. ಆಮೇಲೆ ದಂಟು. ಕೊನೆಗೆ ಪಾದ. ತೋಡಲು ಶುರು ಮಾಡಿದಲ್ಲಿಂದ ಬಟ್ಟಲಿನ ಹೊರಮೈ ಮುಗಿಯುವವರೆಗೆ ಊಟಕ್ಕೆ ಏಳಬಾರದು. ಒಳಗಿನ ಮರ ಹೋದ ಕೂಡಲೇ ಬಾಯಂಚು ಬಿಗಿತ ಸಡಿಲಿಸಿ ಅಲುಗುತ್ತದೆ, ರಾತ್ರಿ ಬಿಟ್ಟರಂತೂ ಬೆಳಗಿನ ಹೊತ್ತಿಗೆ ದುಂಡಗಿರುವುದಿಲ್ಲ.

ಒಳಗೆ ತೋಡುವಾಗ ಉಳಿ ಸಿಕ್ಕಿಕೊಂಡು ತುಂಡು ಚಕ್‌ನಿಂದ ಹಾರುತ್ತದೆ. ಏಕೆ?

ಬಹುಮಟ್ಟಿಗೆ ಮೂರು ತಪ್ಪುಗಳಲ್ಲಿ ಒಂದು. ಮೊದಲನೆಯದು ದಿಕ್ಕು. ಈ ಎಳೆಯ ಮರದಲ್ಲಿ ಒಳಗಿನ ಕೊಯ್ತ ನಡುವಿನಿಂದ ಅಂಚಿನ ಕಡೆಗೆ ಬರಬೇಕು. ಹೊರಗಿನದು ಇದಕ್ಕೆ ಸರಿಯಾಗಿ ತಿರುಗುಮುರುಗು, ದಪ್ಪದಿಂದ ಸಪೂರಕ್ಕೆ. ಅಂಚಿನಿಂದ ನಡುವಿಗೆ ತಳ್ಳಿದರೆ ಎಳೆಗಳು ಕೊಯ್ಯುವ ಬದಲು ಕಿತ್ತು ಬರುತ್ತವೆ. ಗೌಜ್‌ನ ಕೊಳವೆಯ ಬಾಯಿ ಗಡಿಯಾರದ 10 ಗಂಟೆಯ ಕಡೆ ನೋಡುತ್ತಿರಲಿ, ರಂಧ್ರದ ಅಂಚಿನಿಂದ ಶುರು ಮಾಡಿ ನಿಮ್ಮ ಕಡೆಗೆ, ಎಡಕ್ಕೆ ಎಳೆದುಕೊಳ್ಳಿ. ಬಾಯಿ ಪೂರ್ತಿ ಮೇಲೆ ನೋಡುತ್ತಿದ್ದರೆ ಮೇಲಿನ ಅಲಗು ಮರಕ್ಕೆ ಕಚ್ಚುತ್ತದೆ.

ಎರಡನೆಯದು ಎತ್ತರ. ಸ್ಕ್ರೇಪರ್ ಒಳಗಿರುವಾಗ ಅದರ ತುದಿ ಅಕ್ಷದ ಮಟ್ಟಕ್ಕೆ ಇಲ್ಲವೇ ಕೂದಲೆಳೆಯಷ್ಟು ಮೇಲಿರಬೇಕು. ಒತ್ತಡ ಬಿದ್ದು ತುದಿ ಕೆಳಗಿಳಿದರೆ ಅದು ಖಾಲಿ ಜಾಗದತ್ತ ಹೋಗುತ್ತದೆ. ಕೆಳಗಿಟ್ಟುಕೊಂಡರೆ ಇಳಿದಷ್ಟೂ ಮರದೊಳಕ್ಕೇ ನುಗ್ಗುತ್ತದೆ.

ಮೂರನೆಯದು ಚಾಚು. 10 ಮಿ.ಮೀ. ಗೌಜನ್ನು ಟೂಲ್ ರೆಸ್ಟ್‌ನಿಂದ 50 ಮಿ.ಮೀ.ಗಿಂತ ಮುಂದಕ್ಕೆ ಚಾಚಿದರೆ ಹಿಡಿತ ಕೈಯಲ್ಲಿರುವುದಿಲ್ಲ. ಅಲ್ಲಿಂದ ಮುಂದಕ್ಕೆ ದಪ್ಪ ಸ್ಕ್ರೇಪರ್ ತೆಗೆದುಕೊಳ್ಳಿ. ಹೊಟ್ಟು ಒಳಗೇ ತುಂಬಿಕೊಳ್ಳುತ್ತದೆ, ಆಗಾಗ ಲೇತ್ ನಿಲ್ಲಿಸಿ ತೆಗೆಯುತ್ತಿರಿ. ಹೊಟ್ಟಿನ ಮೆತ್ತೆಯ ಮೇಲೆ ಉಜ್ಜುತ್ತ ಆಳ ಆಯಿತೆಂದು ಭ್ರಮಿಸುವವರೂ ಉಂಟು.

ಗೋಡೆ ಎಷ್ಟು ತೆಳುವಿರಬೇಕು, ತಿಳಿಯುವುದು ಹೇಗೆ?

ಬಾಯಂಚಿನಲ್ಲಿ 2ರಿಂದ 2.5 ಮಿ.ಮೀ., ಕೆಳಗೆ ಬಂದಂತೆ 4, ತಳದಲ್ಲಿ 6-8. ಕ್ಯಾಲಿಪರ್‌ನಿಂದ ಅಳೆಯಿರಿ, ಲೇತ್ ನಿಂತಿರುವಾಗ ಮಾತ್ರ. ಬಿಳಿ ಮರವಾದರೆ ಒಳಗೊಂದು ಸಣ್ಣ ಎಲ್‌ಇಡಿ ದೀಪ ಹಿಡಿದು ಕೋಣೆ ಕತ್ತಲೆ ಮಾಡಿ. 2 ಮಿ.ಮೀ. ಹತ್ತಿರ ಬಂದ ಕಡೆ ಮರ ಜೇನಿನ ಬಣ್ಣಕ್ಕೆ ಬೆಳಗುತ್ತದೆ, ದಪ್ಪ ಉಳಿದಲ್ಲಿ ಕಪ್ಪಾಗಿಯೇ ಇರುತ್ತದೆ. ಕಪ್ಪು ಮರಕ್ಕೆ ಈ ಉಪಾಯ ನಡೆಯದು.

ದಂಟು ಕಡೆಯುವಾಗ ಕಿರ್ರೆಂದು ಕೂಗುತ್ತದೆ, ಮೈಮೇಲೆ ಸುರುಳಿ ಗೆರೆ ಮೂಡುತ್ತದೆ.

ದಂಟು ಉಳಿಯ ಒತ್ತಡಕ್ಕೆ ಬಾಗಿ ಹಿಂದಕ್ಕೆ ಚಿಮ್ಮುತ್ತಿದೆ ಎಂದರ್ಥ. ಉಳಿಯನ್ನು ಹೊಸದಾಗಿ ಮಸೆಯಿರಿ, ಕೊಯ್ತ ಹಗುರ ಮಾಡಿ. ಎಡಗೈಯ ಬೆರಳುಗಳನ್ನು ದಂಟಿನ ಹಿಂಬದಿಗೆ ಮೆಲ್ಲಗೆ ತಾಗಿಸಿ ಆಸರೆ ಕೊಡಬಹುದು. ಬೆರಳು ಬಿಸಿಯಾಯಿತೆಂದರೆ ಒತ್ತಡ ಜಾಸ್ತಿ.

ಬಟ್ಟಲಿನ ಬುಡದಿಂದ ಶುರು ಮಾಡಿ 20-25 ಮಿ.ಮೀ.ಯಷ್ಟನ್ನು ಪೂರ್ತಿ ಮುಗಿಸಿ, ಸ್ಯಾಂಡ್‌ಪೇಪರ್ ಹಾಕಿ, ಆಮೇಲೆ ಮುಂದಿನ 20-25. ಇಡೀ ದಂಟನ್ನು ಒಮ್ಮೆಗೇ ಸಪೂರ ಮಾಡಿಕೊಂಡು ಕೊನೆಗೆ ಆಕಾರ ತಿದ್ದೋಣ ಎಂದರೆ ಕೆಟ್ಟಿತು.

ಬಟ್ಟಲಿಗೆ ಟೇಲ್‌ಸ್ಟಾಕ್‌ನ ಆಸರೆ ಇರಲಿ. ಅದಕ್ಕೊಂದು ಮರದ ಬೆಣೆ ಕಡೆದು, ತುದಿಗೆ ಮೆತ್ತನೆಯ ಬಟ್ಟೆ ಅಂಟಿಸಿ, ಅದು ಬಟ್ಟಲಿನ ತಳಕ್ಕೆ ತಾಗುವಂತೆ ನೋಡಿಕೊಳ್ಳಿ. ಶಂಕುವಿನಾಕಾರದ ಬೆಣೆಯನ್ನು ಬಾಯಂಚಿಗೆ ಒತ್ತಿದರೆ 2 ಮಿ.ಮೀ. ಗೋಡೆ ಸೀಳುತ್ತದೆ. ಟೇಲ್‌ಸ್ಟಾಕ್ ತಾಗಿದರೆ ಸಾಕು. ಬಿಗಿ ಮಾಡಿದಷ್ಟೂ ದಂಟು ಬಿಲ್ಲಿನಂತೆ ಬಾಗಿ ನಡುಕ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಕಡ್ಡಿಯಷ್ಟು ತೆಳು ದಂಟು ಕೈಚಳಕದ ಪ್ರದರ್ಶನಕ್ಕೆ ಸರಿ. ಕೈಗೆ ಹಿಡಿದು ಕುಡಿಯಲು, ತೊಳೆದಿಡಲು ಕೊಡುವ ಪಾತ್ರೆಗೆ 9-10 ಮಿ.ಮೀ. ಇರಲಿ.

ದಂಟಿನ ಸುತ್ತ ಸಡಿಲವಾಗಿ ಆಡುವ ಬಳೆಗಳನ್ನು ಮಾಡುವುದು ಹೇಗೆ?

ಮದುವೆಯ ಪಾತ್ರೆಗೆ ಹೆಚ್ಚಿನವರು ಕೇಳುವುದು ಇದನ್ನೇ: ಜೋಡುಬಳೆ, ಎಲ್ಲೂ ಅಂಟಿಸಿದ ಗುರುತಿಲ್ಲ. ಬಳೆ ಮೊದಲೇ ದಂಟಿನ ಮರದಲ್ಲೇ ಇರುತ್ತದೆ, ನಾವು ಬಿಡಿಸಿಕೊಳ್ಳುವುದಷ್ಟೆ.

ಬಟ್ಟಲಿನ ಹೊರಮೈ ಮುಗಿದ ಮೇಲೆ ಅದರ ಬುಡದಿಂದ ಸುಮಾರು 10 ಮಿ.ಮೀ. ಬಿಟ್ಟು 32 ಮಿ.ಮೀ. ವ್ಯಾಸದ, 25 ಮಿ.ಮೀ. ಉದ್ದದ ಭಾಗ ಉಳಿಸಿಕೊಳ್ಳಿ. ಅದರಲ್ಲಿ 7 ಮಿ.ಮೀ. ಅಗಲದ ಎರಡು ದುಂಡು ಏಣುಗಳು, ಪಕ್ಕಗಳಲ್ಲೂ ನಡುವೆಯೂ ಉಳಿ ಆಡುವಷ್ಟು ಜಾಗ. ಏಣುಗಳ ಎರಡೂ ಬದಿಯ ಮರವನ್ನು 18 ಮಿ.ಮೀ.ಗೆ ಇಳಿಸಿ. ಪಾದದ ಕಡೆ ಇನ್ನೂ 25 ಮಿ.ಮೀ. ಉದ್ದ ಹಾಗೆಯೇ 18ಕ್ಕೆ ಇಳಿಸಿಡಬೇಕು. ಅದು ಏಕೆಂದು ಮುಂದೆ ಗೊತ್ತಾಗುತ್ತದೆ.

ಬಳೆಯ ಹೊರಮೈಯನ್ನು ಈಗಲೇ 400ರ ಸ್ಯಾಂಡ್‌ಪೇಪರ್‌ವರೆಗೆ ಮುಗಿಸಿ. ಬಿಡಿಯಾದ ಮೇಲೆ ಅದು ಕೈಗೆ ಸಿಗುವುದಿಲ್ಲ. ನಂತರ ಕೊಕ್ಕಿನಾಕಾರದ ಬಳೆ ಉಳಿಯಿಂದ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, 1000 ಆರ್‌ಪಿಎಂ ಒಳಗಿನ ವೇಗದಲ್ಲಿ ಬುಡ ಕತ್ತರಿಸುತ್ತ ಬನ್ನಿ. ಎರಡು ಕೊಯ್ತಗಳು ಸೇರಿದಾಗ ಬಳೆ ಟಕ್ಕೆಂದು ಬಿಡಿಯಾಗಿ ದಂಟಿನ ಮೇಲೆ ಕುಣಿಯುತ್ತದೆ. ತಕ್ಷಣ ಲೇತ್ ನಿಲ್ಲಿಸಿ.

ಈಗ ಬಳೆಗಳನ್ನು ಪಾದದ ಕಡೆ ಖಾಲಿ ಮಾಡಿಟ್ಟ ಜಾಗಕ್ಕೆ ಸರಿಸಿ ಮಾಸ್ಕಿಂಗ್ ಟೇಪ್‌ನಿಂದ ಕಟ್ಟಿಹಾಕಿ, ಬಟ್ಟಲಿನ ಬುಡದ ದಂಟನ್ನು ಮುಗಿಸಿ. ಅದು ಆದ ಮೇಲೆ ಬಳೆಗಳನ್ನು ಮೇಲಕ್ಕೆ ತಂದು ಬಟ್ಟಲಿನ ಹತ್ತಿರ ಟೇಪ್ ಹಾಕಿ, ಉಳಿದ ದಂಟು ಕಡೆಯಿರಿ. ಬಳೆಯ ಒಳಮೈ ನುಣುಪಾಗಿಸಲು ದಂಟಿಗೆ ಸ್ಯಾಂಡ್‌ಪೇಪರ್ ಸುತ್ತಿ, ಲೇತನ್ನು ಅತಿ ನಿಧಾನ ತಿರುಗಿಸುತ್ತ ಬಳೆಯನ್ನು ಎರಡು ಬೆರಳಲ್ಲಿ ಹಿಡಿದರಾಯಿತು.

ಬಳೆಯಲ್ಲಿ ಎಳೆ ಅಕ್ಷದ ಉದ್ದಕ್ಕೆ ಓಡುವುದರಿಂದ ಅದು ಸುತ್ತಲೂ ಬಲಹೀನ, ಎಲ್ಲಿ ಬೇಕಾದರೂ ಸೀಳಬಹುದು. 5 ಮಿ.ಮೀ.ಗಿಂತ ತೆಳು ಮಾಡಬೇಡಿ. ಈ ದೌರ್ಬಲ್ಯವೇ ಒಮ್ಮೊಮ್ಮೆ ಉಪಯೋಗಕ್ಕೂ ಬರುತ್ತದೆ. ಎರಡು ಪಾತ್ರೆಗಳ ಬಳೆಗಳನ್ನು ಸರಪಳಿಯಂತೆ ಕೋಯಬೇಕಾದರೆ ಒಂದು ಬಳೆಯನ್ನು ಎಳೆಯ ಗುಂಟ ಚಾಕುವಿನಿಂದ ಎರಡು ಕಡೆ ಸೀಳಿ, ಇನ್ನೊಂದರೊಳಗೆ ತೂರಿಸಿ, ತೆಳು ಸೂಪರ್ ಗ್ಲೂನಿಂದ ಕೂಡಿಸಿದರೆ ಬೆಸುಗೆ ಕಾಣುವುದಿಲ್ಲ.

ವಧುವಿಗೊಂದು, ವರನಿಗೊಂದು. ಎರಡೂ ಒಂದೇ ಥರ ಬರಬೇಕಲ್ಲ?

ಎರಡು ತುಂಡುಗಳನ್ನೂ ಒಂದೇ ಹಲಗೆಯಿಂದ, ಒಂದರ ಮುಂದೊಂದು ಬರುವಂತೆ ಕೊಯ್ದುಕೊಳ್ಳಿ. ಬಣ್ಣ, ಎಳೆ ಎರಡೂ ಹೊಂದುತ್ತವೆ. ತೆಳು ಪಟ್ಟಿಯ ಮೇಲೆ ಬಾಯಿ, ಬಟ್ಟಲಿನ ಬುಡ, ಬಳೆ, ಪಾದ ಎಲ್ಲದರ ಸ್ಥಾನ ಮತ್ತು ವ್ಯಾಸ ಗುರುತಿಸಿ, ತಿರುಗುವ ಮರಕ್ಕೆ ಆ ಪಟ್ಟಿ ಹಿಡಿದು ಪೆನ್ಸಿಲ್‌ನಿಂದ ಗೆರೆ ಇಳಿಸಿ. ಕಣ್ಣಿಗೆ ಮೊದಲು ಬೀಳುವ ವ್ಯತ್ಯಾಸ ಒಟ್ಟು ಎತ್ತರ, ಆಮೇಲೆ ಬಟ್ಟಲಿನ ಅತಿ ಅಗಲದ ಭಾಗ ಎಲ್ಲಿದೆ ಎಂಬುದು. ದಂಟಿನಲ್ಲಿ ಅರ್ಧ ಮಿ.ಮೀ. ಹೆಚ್ಚುಕಡಿಮೆಯಾದರೆ ಯಾರಿಗೂ ತಿಳಿಯದು. ಬಾಯಂಚಿನಲ್ಲಿ 2 ಮಿ.ಮೀ. ತಪ್ಪಿದರೆ ಎಲ್ಲರಿಗೂ ತಿಳಿಯುತ್ತದೆ.

ಮೂರು ಮಾಡಿ, ಎರಡು ಕೊಡಿ.

ಸ್ಯಾಂಡ್‌ಪೇಪರ್ ಎಲ್ಲಿಂದ ಎಲ್ಲಿಯವರೆಗೆ?

ಉಳಿಯ ಕೆಲಸ ಚೆನ್ನಾಗಿದ್ದರೆ 180ರಿಂದ ಶುರು, 240, 320, 400. ನಡುವೆ ಒಂದನ್ನೂ ಹಾರಿಸಬೇಡಿ. 120ರ ಗೀರು 400ಕ್ಕೆ ಹೋಗುವುದಿಲ್ಲ, ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ವೇಗ 600-800ಕ್ಕೆ ಇಳಿಸಿ, ಟೂಲ್ ರೆಸ್ಟ್ ತೆಗೆದಿಡಿ. ಒಳಮೈಯಲ್ಲಿ ಒಂದೇ ಕಡೆ ಒತ್ತಿ ಹಿಡಿದರೆ ಬಿಸಿಗೆ ಕೂದಲೆಳೆಯ ಬಿರುಕು ಬೀಳುತ್ತದೆ.

ಪಾದವನ್ನು ಬೇರ್ಪಡಿಸುವಾಗ ಎಚ್ಚರ ಏನು?

ಪಾದದ ತಳ ಸಮತಟ್ಟಾಗಿರದೆ ಒಳಕ್ಕೆ 1-2 ಮಿ.ಮೀ. ತಗ್ಗಿರಲಿ. ಆಗ ಪಾತ್ರೆ ಅಂಚಿನ ಮೇಲೆ ನಿಲ್ಲುತ್ತದೆ, ಮುಂದೆ ಮರ ಸ್ವಲ್ಪ ಬಾಗಿದರೂ ಮೇಜಿನ ಮೇಲೆ ತೂಗಾಡುವುದಿಲ್ಲ. ಪಾರ್ಟಿಂಗ್ ಉಳಿಯನ್ನು ಓರೆಯಾಗಿ ಹಿಡಿದು ಕತ್ತರಿಸುತ್ತ ಬನ್ನಿ, ನಡುವೆ 8-10 ಮಿ.ಮೀ. ಉಳಿದಾಗ ಲೇತ್ ನಿಲ್ಲಿಸಿ ಸಣ್ಣ ಗರಗಸದಿಂದ ಕೊಯ್ಯಿರಿ. ಲೇತ್ ತಿರುಗುತ್ತಿರುವಾಗಲೇ ಪೂರ್ತಿ ಕತ್ತರಿಸಿದರೆ ಕೊನೆಯ ಎಳೆಗಳು ಪಾದದ ನಡುವಿನಿಂದ ಒಂದು ಸಿಬಿರನ್ನು ಕಿತ್ತುಕೊಂಡೇ ಹೋಗುತ್ತವೆ.

ಒಳಗೆ ಏನು ಲೇಪಿಸಬೇಕು? ನಿಜವಾಗಿ ಕುಡಿಯಬಹುದೇ?

ವೈನ್ ಅಥವಾ ಬೇರೆ ಮದ್ಯಕ್ಕೆ ಬಳಸುವುದಾದರೆ ಅರಗಿನ ಪಾಲಿಶ್ ಬೇಡ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಅರಗು ಬೆರೆತಿರುವ ಫ್ರಿಕ್ಷನ್ ಪಾಲಿಶ್‌ಗೂ ಇದೇ ಮಾತು. ಹೊರಮೈಗಾದರೆ ಅಡ್ಡಿಯಿಲ್ಲ, ಬಾಯಂಚಿನಿಂದ 15 ಮಿ.ಮೀ. ಕೆಳಗೆ ನಿಲ್ಲಿಸಿ. ಜೇನುಮೇಣ 62-64 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಬಿಸಿ ಪಾನೀಯ ಸುರಿದರೆ ಮೇಲೆ ತೇಲುತ್ತದೆ.

ನೀರು, ಷರಬತ್ತಿನಂಥ ತಣ್ಣನೆಯ ಬಳಕೆಗೆ ಶುದ್ಧ ಟಂಗ್ ಎಣ್ಣೆ. ತೆಳುವಾಗಿ 4-5 ಸಲ, ಪ್ರತಿ ಸಲ ಹೆಚ್ಚಿನ ಎಣ್ಣೆ ಒರೆಸಿ, ಒಂದು ದಿನ ಒಣಗಲು ಬಿಟ್ಟು. ಪೂರ್ತಿ ಗಟ್ಟಿಯಾಗಲು ಸುಮಾರು 4 ವಾರ. ವಾಲ್‌ನಟ್ ಎಣ್ಣೆಯೂ ಆಗುತ್ತದೆ, ಆದರೆ ಕಾಯಿಬೀಜಗಳ ಅಲರ್ಜಿ ಇರುವವರಿಗೆ ಅದು ಕಂಟಕ, ಕೊಡುವ ಮುನ್ನ ವಿಚಾರಿಸಿ. ಅಡುಗೆ ಎಣ್ಣೆಗಳಲ್ಲಿ ಬಹಳಷ್ಟು ಗಟ್ಟಿಯಾಗುವುದೇ ಇಲ್ಲ, ಜಿಡ್ಡಾಗಿ ಉಳಿದು ವಾಸನೆ ಬರುತ್ತವೆ.

ದಿನವೂ ಬಳಸುತ್ತಾರೆಂದಾದರೆ ಒಳಗೆ ಆಹಾರ ಬಳಕೆಗೆ ಯೋಗ್ಯವೆಂದು ನಮೂದಿಸಿದ ಎಪಾಕ್ಸಿ, ಎರಡು ತೆಳು ಲೇಪ. ಎಪಾಕ್ಸಿ ಮತ್ತು ಗಡಸುಕಾರಕದ ಪ್ರಮಾಣ ತಪ್ಪಿದರೆ ಅದು ಎಂದಿಗೂ ಗಟ್ಟಿಯಾಗದು, ಕಣ್ಣಂದಾಜು ಬಿಟ್ಟು ತಯಾರಕರು ಹೇಳಿದಂತೆ ಅಳೆಯಿರಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಟಂಗ್, ಅಗಸೆ, ವಾಲ್‌ನಟ್ ಎಣ್ಣೆಗಳು ಒಣಗುವಾಗ ಶಾಖ ಬಿಡುತ್ತವೆ, ಮುದ್ದೆಯೊಳಗೆ ಆ ಶಾಖ ಸೇರಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ. ತಿರುಗುವ ಲೇತಿಗೆ ಬಟ್ಟೆ ಹಿಡಿಯುವುದೂ ಅಪಾಯ, ಸಿಕ್ಕಿಕೊಂಡರೆ ಬೆರಳನ್ನೂ ಎಳೆಯುತ್ತದೆ. ಹರಿದುಹೋಗುವ ಕಾಗದದ ಟವಲ್ ಬಳಸಿ.

ದಂಟು ಮುರಿಯಿತು. ಎಲ್ಲ ವ್ಯರ್ಥವೇ?

ಬಟ್ಟಲು ಚೆನ್ನಾಗಿದ್ದರೆ ವಿನ್ಯಾಸ ಬದಲಿಸಿ. ಬಟ್ಟಲಿನ ಬುಡದಲ್ಲೂ ಪಾದದಲ್ಲೂ 10 ಮಿ.ಮೀ. ವ್ಯಾಸದ ರಂಧ್ರ, ಆಳ ಬುಡದ ಮರದ ದಪ್ಪಕ್ಕಿಂತ ಕಡಿಮೆ ಇರಲಿ, ಬಟ್ಟಲಿನೊಳಕ್ಕೆ ತೂತಾಗಬಾರದು. ಬೇರೆ ಬಣ್ಣದ ಮರದಲ್ಲಿ ಎರಡು ತುದಿಗೂ ಗೂಟವಿರುವ ಹೊಸ ದಂಟು ಕಡೆದು ಅಂಟಿಸಿ. ಜೋಡಿಯಲ್ಲಿ ಇನ್ನೊಂದಕ್ಕೂ ಹಾಗೇ ಮಾಡಿದರೆ ಮೊದಲಿಂದಲೂ ಹೀಗೇ ಅಂದುಕೊಂಡಿದ್ದರೆಂದು ಕಾಣುತ್ತದೆ. ಬಾಯಂಚಿನ ಬಿರುಕನ್ನು ಮಾತ್ರ ಅಂಟಿನಿಂದ ಮುಚ್ಚಿ ಕೊಡಬೇಡಿ, ತುಟಿ ತಾಗುವ ಜಾಗ ಅದು.

ಹೆಸರು, ದಿನಾಂಕ ಎಲ್ಲಿ ಬರೆಯುವುದು?

ಪಾದದ ತಳದಲ್ಲಿ, ಸುಡುವ ಪೆನ್‌ನಿಂದ, ಲೇಪಕ್ಕೆ ಮುಂಚೆ. ಲೇಪದ ಮೇಲೆ ಸುಟ್ಟರೆ ಹೊಗೆ ಕೆಟ್ಟದ್ದು, ಅಕ್ಷರವೂ ಹರಡುತ್ತದೆ. ಕನ್ನಡ ಅಕ್ಷರಗಳ ದುಂಡು ತಿರುವಿಗೆ ತೆಳು ತಂತಿಯ ತುದಿ ಬೇಕು. ಒಂದು ಒತ್ತಕ್ಷರವನ್ನಾದರೂ ಅದೇ ಮರದ ಚೂರಿನ ಮೇಲೆ ಬರೆದು ನೋಡಿ.

ಮದುವೆಗೆ ಎಷ್ಟು ದಿನ ಮುಂಚೆ ಶುರು ಮಾಡಬೇಕು?

ಕಡೆಯುವುದಕ್ಕೆ ಒಂದು ಪಾತ್ರೆಗೆ ಅರ್ಧ ದಿನ ಸಾಕು. ಕಾಯಬೇಕಾದದ್ದು ಎಣ್ಣೆಗಾಗಿ. ಮುಹೂರ್ತಕ್ಕೆ 8 ವಾರ ಇರುವಾಗ ಮರ ಕೈಯಲ್ಲಿರಲಿ, 6 ವಾರ ಇರುವಾಗ ಕಡೆದು ಮುಗಿದಿರಲಿ. ಅವಸರದಲ್ಲಿ ಹಸಿ ಲೇಪದೊಂದಿಗೆ ಪೆಟ್ಟಿಗೆಗೆ ಹಾಕಿದರೆ ಹೊದಿಸಿದ ಕಾಗದವೂ ಪಾತ್ರೆಗೇ ಅಂಟಿಕೊಂಡಿರುತ್ತದೆ.

ಮುಖಕ್ಕೆ, ಉಸಿರಿಗೆ ರಕ್ಷಣೆ?

ಮುಖವಿಡೀ ಮುಚ್ಚುವ ಕವಚ, ಬರೀ ಕನ್ನಡಕ ಸಾಲದು. ಸ್ಯಾಂಡ್‌ಪೇಪರ್ ಹಾಕುವಾಗ ಎನ್95 ಮಾಸ್ಕ್. ಬೀಟೆಯ ಜಾತಿಯ ಮರಗಳ ಧೂಳು ಹಲವರಿಗೆ ಚರ್ಮ ಕೆರಳಿಸುತ್ತದೆ. ಸಡಿಲ ತೋಳು, ಕೈಗವಸು, ಕೊರಳ ಸರ, ಉಂಗುರ ಯಾವುದೂ ಬೇಡ. ಲೇತ್ ಚಾಲೂ ಮಾಡುವಾಗ ತುಂಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ.

ಉಡುಗೊರೆಯ ಜೊತೆ ಏನು ಬರೆದು ಕೊಡಬೇಕು?

ಮರದ ಹೆಸರು, ಒಳಗೆ ಹಚ್ಚಿದ್ದು ಏನು, ಬಿಸಿಯದು ಸುರಿಯಬಾರದು ಎಂಬ ಮಾತು. ಬಳಸಿದ ಕೂಡಲೇ ತೊಳೆದು ಒರೆಸಬೇಕು, ನೀರಲ್ಲಿ ನೆನೆಹಾಕಬಾರದು, ಡಿಶ್‌ವಾಷರ್ ಮತ್ತು ಮೈಕ್ರೋವೇವ್ ಎರಡೂ ನಿಷಿದ್ಧ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು. ಎಣ್ಣೆಯ ಲೇಪವಾದರೆ ಮೈ ಮಂಕಾದಾಗ ಮತ್ತೊಂದು ಕೈ ಎಣ್ಣೆ ಹಚ್ಚಿ ಒಣಗಿಸಬೇಕು. ಬಳೆಗಳಿದ್ದರೆ ಇನ್ನೊಂದು ಸಾಲು ಸೇರಿಸಿ: ಬಳೆ ಹಿಡಿದು ಪಾತ್ರೆ ಎತ್ತಬೇಡಿ.